ಆಶ್ರಯ ಕೇಂದ್ರದಿಂದ ಹೊರಗೆ ಹೋದರೆ ಹಾಸಿಗೆ ಉಳಿಯುತ್ತದೆಯೇ?

ಕೇಳಿದವರು: ವಸತಿ ಇಲ್ಲದವರ ಆಶ್ರಯ ಕೇಂದ್ರವೊಂದರಲ್ಲಿ ನನಗೆ ಈಚೆಗೆ ಹಾಸಿಗೆ ಸಿಕ್ಕಿದೆ. ರಾತ್ರಿ 9ಕ್ಕೆ ಬಾಗಿಲು ಹಾಕುತ್ತಾರೆ. ಈಗ ಒಂದು ಗೋದಾಮಿನಲ್ಲಿ ಸಂಜೆ ಪಾಳಿಯ ಕೆಲಸ ಸಿಗುವಂತಿದೆ, ಬಿಡುವುದು 11ಕ್ಕೆ. ಮುಂದಿನ ತಿಂಗಳು ಅಮ್ಮನ ಶಸ್ತ್ರಚಿಕಿತ್ಸೆಗೆಂದು ಎರಡು ರಾತ್ರಿ ಬೇರೆ ಊರಿನಲ್ಲಿ ಇರಬೇಕಾಗುತ್ತದೆ. ಕೇಳಿದರೆ ಹಾಸಿಗೆ ಹೋದೀತೆಂಬ ಭಯ, ಕೇಳದೆ ಹೋದರೂ ಅದೇ ಭಯ. ಅನುಭವ ಇದ್ದವರು ಹೇಳಿ.

ರಾತ್ರಿ ಪಾಳಿಯಲ್ಲಿ ದುಡಿದವರು: ಕೆಲಸ ಬಿಡಬೇಡಿ. ದುಡಿಯುವವರಿಗೆ ತಡವಾಗಿ ಬರಲು ಅನುಮತಿ ಕೊಡುವ ಕೇಂದ್ರಗಳು ಬಹಳಷ್ಟಿವೆ, ಆದರೆ ಅದನ್ನು ಯಾರೂ ಗೋಡೆಯ ಮೇಲೆ ಬರೆದು ಹಾಕುವುದಿಲ್ಲ, ಕೇಳಿದವರಿಗೆ ಮಾತ್ರ ಸಿಗುತ್ತದೆ. ಕೆಲಸಕ್ಕೆ ಸೇರುವ ಮೊದಲೇ ಕೇಳಿ. ಅವರು ಪತ್ರ ಕೇಳುತ್ತಾರೆ: ಯಾವ ಯಾವ ದಿನ ಪಾಳಿ, ಎಷ್ಟು ಹೊತ್ತಿಗೆ ಬಿಡುತ್ತಾರೆ, ವಿಚಾರಿಸಲು ಯಾರಿಗೆ ಫೋನ್ ಮಾಡಬೇಕು. ಗುತ್ತಿಗೆದಾರನ ಕೈಕೆಳಗಿನ ಕೆಲಸವಾದರೆ ಪತ್ರ ಬರುವುದು ಕಷ್ಟ. ಪಾಳಿ ಪಟ್ಟಿಯ ಫೋಟೊ, ಸಂಬಳದ ಚೀಟಿ, ಗೇಟಿನ ಗುರುತಿನ ಚೀಟಿ, ಇವುಗಳಲ್ಲಿ ಯಾವುದು ನಡೆಯುತ್ತದೆ ಎಂದು ಕೇಳಿ ನೋಡಿ. ಪತ್ರ ಹೋಗುವ ಜಾಗ ಆಶ್ರಯ ಕೇಂದ್ರ ಎಂದು ಮಾಲೀಕನಿಗೆ ತಿಳಿಸಲು ಇಷ್ಟವಿಲ್ಲದಿದ್ದರೆ, ಕೆಲಸದ ಸಮಯವನ್ನಷ್ಟೇ ದೃಢಪಡಿಸುವ ಪತ್ರ ಸಾಕು.

ಇನ್ನೊಂದು ವಿಷಯ. 11ಕ್ಕೆ ಬಿಡುತ್ತಾರೆಂದು 11ರವರೆಗೆ ಅನುಮತಿ ಕೇಳಬೇಡಿ. ಬಟ್ಟೆ ಬದಲಿಸಿ, ಬಸ್ಸಿಗೆ ಕಾದು, ನಡೆದು ಬರುವಷ್ಟು ಹೊತ್ತನ್ನೂ ಸೇರಿಸಿ. ಹೆಚ್ಚುವರಿ ದುಡಿಮೆ ಇದ್ದ ರಾತ್ರಿ ಯಾವ ನಂಬರಿಗೆ ಹೇಳಬೇಕು ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ರಜೆಯ ದಿನ ಈ ಅನುಮತಿ ನಡೆಯುವುದಿಲ್ಲ, ಅಂದು 9 ಎಂದರೆ 9. ಇದೆಲ್ಲ ಆದ ಮೇಲೂ ನಿದ್ದೆಯ ಪ್ರಶ್ನೆ ಉಳಿಯುತ್ತದೆ. ನಡುರಾತ್ರಿ ಮಲಗಿದವರನ್ನು ಬೆಳಿಗ್ಗೆ ಎಲ್ಲರ ಜೊತೆಗೇ ಎಬ್ಬಿಸಿ ಹೊರಗೆ ಕಳುಹಿಸುವ ಕಡೆಗಳಿವೆ. ಹಗಲು ಮಲಗಲು ಜಾಗ ಉಂಟೇ ಎಂದು ಈಗಲೇ ಕೇಳಿ, ಇಲ್ಲದಿದ್ದರೆ ದೇಹ ಬೇಗ ಸೋಲುತ್ತದೆ.

ಹಿಂದೆ ರಾತ್ರಿ ಮೇಲ್ವಿಚಾರಕರಾಗಿದ್ದವರು: ಒಳಗಿನಿಂದ ನೋಡಿದವನಾಗಿ ಹೇಳುತ್ತೇನೆ. ಬಾಗಿಲು ಹಾಕಿದ ಮೇಲೆ ತಲೆ ಎಣಿಸುತ್ತಾರೆ. ಎಣಿಕೆ ಮುಗಿದಾಗ ಖಾಲಿ ಕಂಡ ಹಾಸಿಗೆಯನ್ನು ಹೊರಗೆ ಕಾಯುತ್ತಿರುವವರಿಗೆ ಕೊಡುತ್ತಾರೆ. ಹೀಗಾಗಿ ಎಣಿಕೆಗೆ ಮೊದಲು ಬಂದ ಒಂದು ಫೋನ್ ಕರೆಗೆ ಇರುವ ಬೆಲೆ ಮರುದಿನ ಹೇಳುವ ಎಂಥ ನಿಜವಾದ ಕಾರಣಕ್ಕೂ ಇರುವುದಿಲ್ಲ. ಅಷ್ಟರಲ್ಲಿ ಆ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗಿರುತ್ತಾರೆ, ಅವರನ್ನು ಎಬ್ಬಿಸುವಂತಿಲ್ಲ. ಬೆಂಕಿ ಬಿದ್ದರೆ ಒಳಗೆ ಎಷ್ಟು ಜನ ಇದ್ದಾರೆಂದು ಲೆಕ್ಕ ಹೇಳಬೇಕಾದದ್ದೂ ಈ ಎಣಿಕೆ ಬರೆದಿಡುವ ಪುಸ್ತಕದಿಂದಲೇ. ಹೊರಗೆ ಹೋಗುವಾಗ ಸಹಿ ಮಾಡಿ ಎಂದು ಪೀಡಿಸುವುದು ಅದಕ್ಕಾಗಿ.

ಹೆಚ್ಚಿನ ಜಗಳ ಹುಟ್ಟುವುದು ಸಿಬ್ಬಂದಿ ಬದಲಾಗುವ ಹೊತ್ತಿನಲ್ಲಿ. ಬೆಳಗಿನ ಪಾಳಿಯವರಿಗೆ ಬಾಯಲ್ಲಿ ಹೇಳಿ ಹೋಗುತ್ತೀರಿ, ರಾತ್ರಿಯವರಿಗೆ ಅದು ಗೊತ್ತೇ ಇರುವುದಿಲ್ಲ. ನಿಮ್ಮ ಎದುರಿಗೇ ರಿಜಿಸ್ಟರಿನಲ್ಲಿ ಬರೆಸಿ, ಬರೆದವರ ಹೆಸರು ನೆನಪಿಟ್ಟುಕೊಳ್ಳಿ, ಒಪ್ಪಿದರೆ ಆ ಸಾಲಿನ ಫೋಟೊ ತೆಗೆದುಕೊಳ್ಳಿ. ಬೇರೆಯವರ ಹೆಸರುಗಳು ಫೋಟೊದಲ್ಲಿ ಬೀಳದಿರಲಿ. ಮರಳಿದಾಗ ಚೀಲ ತೆರೆದು ನೋಡುವುದು ಸಾಮಾನ್ಯ. ಕುಡಿದು ಬಂದವರ ವಿಷಯದಲ್ಲಿ ಮಾತ್ರ ಕೇಂದ್ರದಿಂದ ಕೇಂದ್ರಕ್ಕೆ ವ್ಯತ್ಯಾಸವಿದೆ: ಕೆಲವು ಕಡೆ ವಾಸನೆ ಬಂದರೆ ಬಾಗಿಲಿನಿಂದಲೇ ವಾಪಸ್, ಕೆಲವು ಕಡೆ ಸುಮ್ಮನೆ ಮಲಗಿದರೆ ತಕರಾರಿಲ್ಲ.

ಮಕ್ಕಳೊಂದಿಗೆ ಕುಟುಂಬ ಕೇಂದ್ರದಲ್ಲಿದ್ದವರು: ಎರಡು ರಾತ್ರಿಯ ವಿಷಯಕ್ಕೆ ಬರುತ್ತೇನೆ. ಎಷ್ಟು ರಾತ್ರಿ ಹಾಸಿಗೆ ಕಾದಿರಿಸುತ್ತಾರೆ, ಆ ಲೆಕ್ಕ ತಿಂಗಳಿಗೋ ಇಡೀ ವಾಸದ ಅವಧಿಗೋ, ತಡವಾಗಿ ಬಂದ ರಾತ್ರಿಯನ್ನೂ ಗೈರುಹಾಜರಿ ಎಂದು ಬರೆಯುತ್ತಾರೋ, ಇಷ್ಟನ್ನು ಬಿಡಿಸಿ ಕೇಳಿ. ನಮ್ಮಲ್ಲಿ ತಡವಾದ ರಾತ್ರಿಗಳೂ ಸೇರಿ ಮಿತಿ ತುಂಬಿ, ಒಬ್ಬಾಕೆ ಜಾಗ ಕಳೆದುಕೊಂಡರು. ಇನ್ನು ಒಂದು ಪ್ರಶ್ನೆಗೆ ಸಿದ್ಧವಾಗಿರಿ. ‘ಎರಡು ರಾತ್ರಿ ಇರಲು ಮನೆ ಇದೆ ಎಂದ ಮೇಲೆ ಇಲ್ಲಿ ಏಕೆ ಇದ್ದೀರಿ?’ ಎಂದು ಕೇಳುವವರು ಇದ್ದಾರೆ. ಆಸ್ಪತ್ರೆಯಲ್ಲಿ ಅಮ್ಮನ ಜೊತೆಗೆ ಇರಲು ಹೋಗುತ್ತಿದ್ದರೆ ಹಾಗೆಯೇ ಹೇಳಿ, ದಾಖಲಾತಿಯ ಚೀಟಿ ತೋರಿಸಿ. ಅದು ವಾಸಕ್ಕೆ ಮನೆ ಇದ್ದಂತೆ ಆಗುವುದಿಲ್ಲ.

ಬೇರೊಬ್ಬರು: ಅಷ್ಟೆಲ್ಲ ವಿವರ ಏಕೆ ಕೊಡಬೇಕು? ಹೋಗುವ ದಿನ, ಬರುವ ದಿನ ಹೇಳಿದರೆ ಸಾಕು. ಕುಟುಂಬದ ಕಾಯಿಲೆ ಊರಿಗೆಲ್ಲ ಗೊತ್ತಾಗಬೇಕಿಲ್ಲ.

ಕುಟುಂಬ ಕೇಂದ್ರದಲ್ಲಿದ್ದವರೇ: ಎಲ್ಲರ ಎದುರಿಗೆ ಹೇಳಬೇಡಿ, ನಿಮ್ಮ ಪ್ರಕರಣ ನೋಡಿಕೊಳ್ಳುವವರ ಹತ್ತಿರ ಹೇಳಿ. ಕಾರಣವಿಲ್ಲದ ರಜೆಗೆ ಇಲ್ಲ ಎನ್ನುವುದು ಸುಲಭ.

ಆಸ್ಪತ್ರೆಗೆ ಸೇರಿದ್ದವರು: ನೀವೇ ದಾಖಲಾಗುವ ಸಂದರ್ಭ ಬಂದರೆ ವಾರ್ಡಿನ ನರ್ಸ್ ಅಥವಾ ಸಮಾಜ ಕಾರ್ಯಕರ್ತರಿಂದ ಅದೇ ದಿನ ಕೇಂದ್ರಕ್ಕೆ ಫೋನ್ ಮಾಡಿಸಿ. ಬಿಡುಗಡೆಯನ್ನು ಹಗಲಿನಲ್ಲೇ ಮಾಡಿಸಿಕೊಳ್ಳಿ, ರಾತ್ರಿ ಬಿಟ್ಟರೆ ಬಾಗಿಲು ಮುಚ್ಚಿರುತ್ತದೆ. ಮರಳಿದಾಗ ಔಷಧಿಗಳನ್ನು ಕಚೇರಿಯಲ್ಲಿ ಇಡಬೇಕೆಂಬ ನಿಯಮ ಇರಬಹುದು; ಇನ್ಸುಲಿನ್‌ನಂಥದ್ದಕ್ಕೆ ಫ್ರಿಜ್ ಇದೆಯೇ, ರಾತ್ರಿ ಬೇಕೆಂದರೆ ಯಾರು ತೆಗೆದುಕೊಡುತ್ತಾರೆ ಎಂದು ವಿಚಾರಿಸಿ.

ಇನ್ನೊಬ್ಬರು: ಸಾಮಾನಿನ ಬಗ್ಗೆ ಯಾರೂ ಹೇಳಲಿಲ್ಲ. ಹಾಸಿಗೆ ಕಾದಿರಿಸಿದರು ಎಂದರೆ ಚೀಲವನ್ನೂ ಕಾಯುತ್ತಾರೆಂದಲ್ಲ. ಗುರುತಿನ ದಾಖಲೆ, ಔಷಧಿ, ಮೊಬೈಲ್, ಹಣ ಮೈಮೇಲೆಯೇ ಇರಲಿ. ಉಳಿದದ್ದನ್ನು ಲಾಕರಿನಲ್ಲಿಟ್ಟು, ಎಷ್ಟು ದಿನದ ನಂತರ ತೆಗೆದು ಹಾಕುತ್ತಾರೆಂದು ಕೇಳಿ.

ಒಮ್ಮೆ ಹೊರಹಾಕಿಸಿಕೊಂಡವರು: ಮೇಲಿನವರೆಲ್ಲ ನಿಯಮ ನೆಟ್ಟಗೆ ನಡೆಯುತ್ತದೆ ಎಂಬಂತೆ ಬರೆದಿದ್ದಾರೆ. ನಾನಿದ್ದಲ್ಲಿ ಒಬ್ಬ ಮೇಲ್ವಿಚಾರಕನಿಗೆ ಒಂದು ನಿಯಮ, ಇನ್ನೊಬ್ಬನಿಗೆ ಇನ್ನೊಂದು. ಅನುಮತಿ ಇದ್ದ ರಾತ್ರಿಯೇ ನನ್ನನ್ನು ಹೊರಗೆ ನಿಲ್ಲಿಸಿದರು. ಅಂಥ ಹೊತ್ತಿನಲ್ಲಿ ಕೂಗಾಡಿದರೆ ‘ತಡ’ ಎಂಬ ಕಾರಣ ‘ದುರ್ವರ್ತನೆ’ ಎಂದು ಬದಲಾಗುತ್ತದೆ, ಆಮೇಲೆ ಮರುಪ್ರವೇಶವೇ ಬಂದ್. ಅಂದಿನ ರಾತ್ರಿಗೆ ಬೇರೆ ಎಲ್ಲಿ ಜಾಗವಿದೆ ಎಂದು ಅವರಿಂದಲೇ ಫೋನ್ ಮಾಡಿಸಿ, ಬೆಳಿಗ್ಗೆ ಮುಖ್ಯಸ್ಥರ ಬಳಿ ಹೋಗಿ. ಹೊರಹಾಕಿದ್ದೇ ಆದರೆ ಕಾರಣ, ಎಷ್ಟು ದಿನದವರೆಗೆ, ಮೇಲ್ಮನವಿ ಯಾರಿಗೆ ಎಂಬುದನ್ನು ಬರಹದಲ್ಲಿ ಕೇಳಿ. ‘ಇನ್ನು ಬರಬೇಡ’ ಎಂಬ ಬಾಯಿಮಾತಿಗೆ ಅವಧಿ ಇರುವುದಿಲ್ಲ. ಹಾಸಿಗೆ ಹೋದ ಮೇಲೆ ಮರಳಿದರೆ ಹೊಸಬರಂತೆ ಸಾಲಿನಲ್ಲಿ ನಿಲ್ಲಬೇಕಾದೀತು, ಹಳೆಯ ನೋಂದಣಿ ಚೀಟಿ ಜೊತೆಗಿರಲಿ.

ಮಹಿಳಾ ಕೇಂದ್ರದಲ್ಲಿದ್ದವರು: ಮನೆಯ ಹಿಂಸೆಯಿಂದ ತಪ್ಪಿಸಿಕೊಂಡು ಬಂದವರ ಕೇಂದ್ರಗಳಲ್ಲಿ ವಿಳಾಸವೇ ಗುಟ್ಟು. ಅಲ್ಲಿ ಇದನ್ನು ಓದುತ್ತಿರುವ ಅಕ್ಕತಂಗಿಯರು ಯಾರಿಂದಲೂ ಬಾಗಿಲವರೆಗೆ ಬಿಡಿಸಿಕೊಳ್ಳಬೇಡಿ, ಮೊಬೈಲಿನಲ್ಲಿ ನೀವಿರುವ ಜಾಗ ತೋರಿಸುವುದನ್ನು (ಲೊಕೇಶನ್) ಆಫ್ ಮಾಡಿಡಿ. ಅಲ್ಲಿ ತಡವಾದರೆ ಸಿಬ್ಬಂದಿ ನಿಮ್ಮನ್ನು ಹುಡುಕಲು ಶುರು ಮಾಡುತ್ತಾರೆ, ಫೋನ್ ಮಾಡಿ ಹೇಳಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಇಂದು ಕೇಳಿದೆ. ಪಾಳಿ ಪಟ್ಟಿ ತಂದರೆ ರಾತ್ರಿ 12ರವರೆಗೆ ಬಿಡುತ್ತಾರಂತೆ. ಊರಿನ ವಿಷಯಕ್ಕೆ ಮಾತ್ರ ‘ಆಗ ನೋಡೋಣ’ ಎಂದರು. ಈಗ ಏನು ಮಾಡಲಿ?

ರಾತ್ರಿ ಮೇಲ್ವಿಚಾರಕರಾಗಿದ್ದವರು: ‘ಆಗ ನೋಡೋಣ’ ಎಂಬುದು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಕೂಡಲೇ ಅರ್ಜಿ ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸಹಿ, ತಾರೀಖು ಹಾಕಿಸಿಕೊಳ್ಳಿ. ಶಸ್ತ್ರಚಿಕಿತ್ಸೆ ಮುಂದೆ ಹೋಗುವುದುಂಟು, ಹಾಗಾದರೆ ಹೊಸ ತಾರೀಖಿಗೆ ಹೊಸ ಅರ್ಜಿ ಕೊಡಿ, ಹಳೆಯದನ್ನೇ ತಿದ್ದಿಸಬೇಡಿ.