64 ಜನ ಟೊಮೆಟೊ ಬೆಳೆಗಾರರು, ಒಂದೇ ವಾಟ್ಸ್‌ಆ್ಯಪ್ ಗ್ರೂಪ್: ಬಾಕ್ಸ್ ಲೆಕ್ಕ ತಪ್ಪದ ಹಾಗೆ ಮಾಡೋದು ಹೇಗೆ?

ಮುಳಬಾಗಿಲು_ತೋಟ (ಪ್ರಶ್ನೆ)

ನಮಸ್ಕಾರ. ಮುಳಬಾಗಿಲು ಕಡೆ ಐದು ಹಳ್ಳಿಗಳ 64 ಬೆಳೆಗಾರರು ಸೇರಿ ಕೋಲಾರದ ಮಂಡಿಗೆ ಒಟ್ಟಿಗೆ ಟೆಂಪೊ ಮಾಡ್ತೀವಿ. ಯಾರದು ಎಷ್ಟು ಬಾಕ್ಸ್ ಅಂತ ಹಿಂದಿನ ದಿನ ಸಂಜೆ 6 ಗಂಟೆಯೊಳಗೆ ಗೊತ್ತಾಗಬೇಕು. ಈಗ ಎಲ್ಲಾ ಒಂದೇ ಗ್ರೂಪಲ್ಲಿ ನಡೀತಿದೆ. ಶುಭೋದಯದ ಚಿತ್ರ, ಔಷಧಿ ಜಾಹೀರಾತು, ಎಲ್ಲಿಂದಲೋ ಬಂದ ರೇಟಿನ ಫಾರ್ವರ್ಡ್‌ಗಳ ಮಧ್ಯೆ "ನಂದು 40" ಅನ್ನೋ ಮೆಸೇಜು ಕಣ್ಣಿಗೇ ಬೀಳಲ್ಲ. 11 ಜನರ ಹತ್ರ ಕೀಪ್ಯಾಡ್ ಫೋನು. ದುಡ್ಡು ಕೊಟ್ಟು ಆ್ಯಪ್ ತಗೊಳ್ಳೋ ಯೋಚನೆ ಇಲ್ಲ. ಫೋನಲ್ಲೇ ಆಗೋ ದಾರಿ ಇದ್ದರೆ ಹೇಳಿ.

ಚಿಂತಾಮಣಿ_ಲೆಕ್ಕ

ಮಾತಾಡೋ ಜಾಗ, ತಿಳಿಸೋ ಜಾಗ, ಲೆಕ್ಕದ ಜಾಗ ಮೂರೂ ಬೇರೆ ಬೇರೆ ಇರಬೇಕು ಸರ್. ಒಂದರಲ್ಲೇ ಮೂರೂ ನಡೆಯೋದ್ರಿಂದ ನಿಮಗೆ ಈ ಕಷ್ಟ.

ಮೊದಲು ವಾಟ್ಸ್‌ಆ್ಯಪ್‌ನಲ್ಲಿ 'ನ್ಯೂ ಕಮ್ಯುನಿಟಿ' (ಹಲವು ಗ್ರೂಪ್‌ಗಳನ್ನು ಒಂದೆಡೆ ಇಡೋ ಜಾಗ) ಮಾಡಿ, ಈಗಿರೋ ಗ್ರೂಪನ್ನು ಅದರೊಳಗೆ ಸೇರಿಸಿ. ಅದರ ಜೊತೆಗೇ ಅನೌನ್ಸ್‌ಮೆಂಟ್ ಗ್ರೂಪ್ ತಾನಾಗಿ ಬರುತ್ತೆ, ಅಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು. ಟೆಂಪೊ ಎಷ್ಟು ಗಂಟೆಗೆ, ಎಲ್ಲಿ ನಿಲ್ಲುತ್ತೆ ಅನ್ನೋದು ಅಲ್ಲಿ ಮಾತ್ರ ಹಾಕಿ. ಹಳೇ ಗ್ರೂಪು ಮಾತಿಗೆ ಇರಲಿ, ಅದನ್ನು ಮ್ಯೂಟ್ ಮಾಡಿಕೊಂಡವರಿಗೂ ಟೆಂಪೊ ಸುದ್ದಿ ತಪ್ಪಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸೋದು) ನಂಬಬೇಡಿ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತೆ, ಉಳಿದವರಿಗೆ ಹೋಗಿಲ್ಲ ಅನ್ನೋದು ನಿಮಗೆ ತಿಳಿಯೋದೂ ಇಲ್ಲ.

ಬಾಕ್ಸ್ ಲೆಕ್ಕಕ್ಕೆ ವಾಟ್ಸ್‌ಆ್ಯಪ್ ಪೋಲ್ ಸಾಲದು. 12 ಆಯ್ಕೆ ಮೀರಲ್ಲ, ಯಾರು ಒತ್ತಿದರು ಅಂತ ಎಣಿಸುತ್ತೆ, ಬಾಕ್ಸ್ ಕೂಡಿಸಲ್ಲ. ಗೂಗಲ್ ಫಾರ್ಮ್ (ಲಿಂಕ್ ಒತ್ತಿ ತುಂಬೋ ಅರ್ಜಿ, ಉತ್ತರಗಳು ಗೂಗಲ್ ಶೀಟ್ ಅನ್ನೋ ಲೆಕ್ಕದ ಹಾಳೆಗೆ ಸೇರುತ್ತೆ) ಮಾಡಿ, ಮೂರೇ ಪ್ರಶ್ನೆ ಸಾಕು: ಹೆಸರು, ಮಂಡಿಗೆ ಹೋಗೋ ದಿನಾಂಕ, ಬಾಕ್ಸ್ ಸಂಖ್ಯೆ.

ಹೆಸರನ್ನು ಟೈಪ್ ಮಾಡಿಸಬೇಡಿ, ಡ್ರಾಪ್‌ಡೌನ್ (ಪಟ್ಟಿಯಿಂದ ಆರಿಸೋದು) ಕೊಡಿ. ಒಬ್ಬರೇ ಒಂದಿನ ಕನ್ನಡದಲ್ಲಿ, ಒಂದಿನ ಇಂಗ್ಲಿಷಿನಲ್ಲಿ ಬರೆದರೆ ಶೀಟಿನಲ್ಲಿ ಇಬ್ಬರಾಗ್ತಾರೆ. ಹಳ್ಳಿಗೊಂದು ಸೆಕ್ಷನ್ ಮಾಡೋ ಆಸೆ ಬರುತ್ತೆ, ಬೇಡ. ಒಂದೊಂದು ಹಳ್ಳಿಯ ಹೆಸರುಗಳು ಒಂದೊಂದು ಕಾಲಂಗೆ ಹೋಗಿ ಒಟ್ಟು ಲೆಕ್ಕ ಸಿಗಲ್ಲ. "ಹಳ್ಳಿ – ಹೆಸರು" ಅಂತ ಒಂದೇ ಪಟ್ಟಿ ಇರಲಿ. ಬಾಕ್ಸಿನ ಪ್ರಶ್ನೆಗೆ ಮೂರು ಚುಕ್ಕಿ ಒತ್ತಿ 'ರೆಸ್ಪಾನ್ಸ್ ವ್ಯಾಲಿಡೇಶನ್' (ತಪ್ಪು ಉತ್ತರ ತಡೆಯೋ ಸೌಲಭ್ಯ) ತೆಗೆದು, ನಂಬರ್, ಬಿಟ್ವೀನ್, −300 ಮತ್ತು 300 ಅಂತ ಕೊಡಿ.

ಮೈನಸ್ ಯಾಕೆ ಅಂದರೆ, 40 ಅಂತ ತುಂಬಿದವರು ಆಮೇಲೆ 30 ಅಂತ ಮತ್ತೆ ತುಂಬಿದರೆ ಶೀಟು ಎರಡನ್ನೂ ಕೂಡಿ 70 ತೋರಿಸುತ್ತೆ. ಇಲ್ಲದ 40 ಬಾಕ್ಸಿಗೆ ಟೆಂಪೊ ಜಾಗ ಖಾಲಿ ಹೋಗುತ್ತೆ. ಕಮ್ಮಿ ಆದರೆ −10, ಜಾಸ್ತಿ ಆದರೆ 10 ಅಂತ ವ್ಯತ್ಯಾಸ ಮಾತ್ರ ತುಂಬಲಿ. ಈ ಮಾತನ್ನು ಫಾರ್ಮಿನ ತಲೆಯಲ್ಲೇ ಕನ್ನಡದಲ್ಲಿ ಬರೆದುಬಿಡಿ.

ಸೆಟ್ಟಿಂಗ್ಸ್‌ನಲ್ಲಿ ಈಮೇಲ್ ಕೇಳೋದು, 'ಲಿಮಿಟ್ ಟು 1 ರೆಸ್ಪಾನ್ಸ್' ಎರಡೂ ಆಫ್ ಇರಬೇಕು. ಒಂದು ಸಲಕ್ಕೆ ಸೀಮಿತ ಮಾಡಿದರೆ, ಇಲ್ಲವೇ ಫೋಟೋ ಅಪ್‌ಲೋಡ್ ಪ್ರಶ್ನೆ ಇಟ್ಟರೆ ಫಾರ್ಮ್ ಗೂಗಲ್ ಲಾಗಿನ್ ಕೇಳುತ್ತೆ. ಪಾಸ್‌ವರ್ಡ್ ನೆನಪಿಲ್ಲದವರು ಅಲ್ಲಿಗೇ ಬಿಟ್ಟುಬಿಡ್ತಾರೆ.

ಆಮೇಲೆ 'ಲಿಂಕ್ ಟು ಶೀಟ್ಸ್' ಒತ್ತಿ. ಶೀಟಿನಲ್ಲಿ ಫೈಲ್, ಸೆಟ್ಟಿಂಗ್ಸ್, ಲೊಕೇಲ್ (ಯಾವ ದೇಶದ ಪದ್ಧತಿ ಅನ್ನೋದು) ಇಂಡಿಯಾ ಅಂತ ಮೊದಲ ದಿನವೇ ಮಾಡಿ. ಅಮೆರಿಕ ಇದ್ದರೆ ತಿಂಗಳು ಮುಂದೆ, ದಿನ ಹಿಂದೆ ಬಂದು ಜೂನ್ 7 ಯಾವುದು, ಜುಲೈ 6 ಯಾವುದು ಅಂತ ಗೊಂದಲ. ಪಿವಟ್ ಟೇಬಲ್ (ಸಾಲುಗಳನ್ನು ತಾನಾಗಿ ಕೂಡಿಸಿ ತೋರಿಸೋ ಪಟ್ಟಿ) ಹಾಕಿ: ರೋಸ್‌ಗೆ ದಿನಾಂಕ, ಅದರ ಕೆಳಗೆ ಹೆಸರು, ವ್ಯಾಲ್ಯೂಸ್‌ಗೆ ಬಾಕ್ಸ್, ಸಮ್. ರೇಂಜ್ ಪೂರ್ತಿ ಕಾಲಂ ಇರಲಿ, ಇಲ್ಲದಿದ್ದರೆ ನಾಳೆ ಬಂದ ಸಾಲುಗಳು ಲೆಕ್ಕಕ್ಕೆ ಸೇರಲ್ಲ. ಈ ಕೆಲಸವನ್ನು ಒಂದು ಸಲ ಕಂಪ್ಯೂಟರಿನಲ್ಲಿ ಮಾಡಿಸಿಕೊಳ್ಳಿ, ಫೋನಲ್ಲಿ ಪರದಾಡಬೇಡಿ. ನೋಡೋಕೆ ಫೋನ್ ಸಾಕು.

ತಿಪಟೂರು_ತೆಂಗು

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. 64 ಹೆಸರಿನ ಪಟ್ಟಿಯಲ್ಲಿ ತನ್ನ ಹೆಸರು ಹುಡುಕೋದು ವಯಸ್ಸಾದವರಿಗೆ ತ್ರಾಸ. ಫಾರ್ಮಿನ ಮೂರು ಚುಕ್ಕಿಯಲ್ಲಿ 'ಪ್ರೀ-ಫಿಲ್' ಅನ್ನೋ ಆಯ್ಕೆ ಇದೆ. ಒಬ್ಬೊಬ್ಬರ ಹೆಸರು ಮೊದಲೇ ಆರಿಸಿ ಅವರವರ ಲಿಂಕ್ ಅವರಿಗೇ ಕಳಿಸಿ. ಒಂದು ಸಂಜೆಯ ಕೆಲಸ. ಅದನ್ನು ಕ್ರೋಮ್‌ನಲ್ಲಿ ತೆಗೆದು 'ಆ್ಯಡ್ ಟು ಹೋಮ್ ಸ್ಕ್ರೀನ್' ಮಾಡಿಕೊಟ್ಟರೆ ವಾಟ್ಸ್‌ಆ್ಯಪ್‌ನಲ್ಲಿ ಹುಡುಕೋ ಕೆಲಸವೇ ಇರಲ್ಲ.

ಕೀಪ್ಯಾಡ್ ಫೋನಿನವರಿಗೆ ಹಳ್ಳಿಗೊಬ್ಬರು ಜವಾಬ್ದಾರಿ ತಗೊಳ್ಳಲಿ. ಸಂಜೆ 5ಕ್ಕೆ ಫೋನ್ ಮಾಡಿ ಕೇಳಿ, ಅವರ ಹೆಸರಲ್ಲೇ ಫಾರ್ಮ್ ತುಂಬೋದು. ಇದನ್ನು ಮಕ್ಕಳ ಮೇಲೆ ಬಿಡಬೇಡಿ, ಒಂದು ದಿನ ಮರೆತರೆ ಆ ಮನೆಯ ಹಣ್ಣು ತೋಟದಲ್ಲೇ ಉಳಿಯುತ್ತೆ.

ಮುಳಬಾಗಿಲು_ತೋಟ

ತುಂಬಾ ಉಪಕಾರ ಆಯ್ತು. ಎರಡು ಸಂದೇಹ. ಶೀಟನ್ನು ಎಲ್ಲರಿಗೂ ತೋರಿಸಬೇಕು, ಆದರೆ ಅದರಲ್ಲೇ ಫೋನ್ ನಂಬರ್, ಯಾರಿಗೆ ಎಷ್ಟು ಬಾಕಿ ಅನ್ನೋದನ್ನೂ ಬರೆದುಕೊಳ್ಳೋ ಯೋಚನೆ ಇದೆ. ಆ ಟ್ಯಾಬ್ ಹೈಡ್ ಮಾಡಿದರೆ ಸಾಕಾ? ಇನ್ನೊಂದು, ರೇಟಿನ ಫಾರ್ವರ್ಡ್‌ಗಳನ್ನು ಏನು ಮಾಡೋದು?

ಕೋಲಾರ_ಮಾರ್ಕೆಟ್ ರಸ್ತೆ

ಹೈಡ್ ಮಾಡಿದರೆ ಸಾಲದು ಅಣ್ಣ. ನೋಡೋಕೆ ಮಾತ್ರ ಅನುಮತಿ ಇದ್ದವರೂ 'ಮೇಕ್ ಎ ಕಾಪಿ' ಮಾಡಿಕೊಂಡು ಮುಚ್ಚಿದ ಟ್ಯಾಬ್ ತೆಗೆದು ನೋಡಬಹುದು. ಲಿಂಕ್ ಒಂದು ಸಲ ಹೊರಗೆ ಫಾರ್ವರ್ಡ್ ಆದರೆ ನಿಮ್ಮವರ ಬಾಕಿ ಊರೆಲ್ಲಾ ಓದುತ್ತೆ. ಎರಡು ಬೇರೆ ಫೈಲ್ ಮಾಡಿ. ಒಟ್ಟು ಬಾಕ್ಸ್ ಇರೋ ಭಾಗವನ್ನು ಮಾತ್ರ 'ಇಂಪೋರ್ಟ್ ರೇಂಜ್' ಸೂತ್ರದಿಂದ ಎರಡನೇ ಫೈಲಿಗೆ ತರಿಸಿ (ಮೊದಲ ಸಲ 'ಅಲೋ ಆ್ಯಕ್ಸೆಸ್' ಒತ್ತೋವರೆಗೂ ಎರರ್ ತೋರಿಸುತ್ತೆ, ಗಾಬರಿ ಬೇಡ). ಅದನ್ನು 'ವ್ಯೂವರ್' ಅಂತ ಹಂಚಿ. ಮೂಲ ಫೈಲನ್ನು ಇಬ್ಬರೇ ತಿದ್ದಲಿ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಫೋಟೋ ಯಾವುದರಲ್ಲೂ ಬೇಡ.

ಖಾತೆ ಒಬ್ಬರ ಸ್ವಂತ ಜಿಮೇಲ್ ಆಗಿರಬಾರದು, ಆ ಫೋನ್ ಕಳೆದರೆ ಲೆಕ್ಕವೂ ಹೋದಂತೆ. ಸಂಘದ ಹೆಸರಲ್ಲಿ ಹೊಸದು ತೆಗೆದು, ಟೂ-ಸ್ಟೆಪ್ (ಪಾಸ್‌ವರ್ಡ್ ಮೇಲೆ ಇನ್ನೊಂದು ಬೀಗ) ಹಾಕಿ. ಗೂಗಲ್ ಕೊಡೋ 10 ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಲೆಕ್ಕದ ಪುಸ್ತಕದ ಜೊತೆ ಬೀರುವಿನಲ್ಲಿಡಿ.

ರೇಟಿಗೆ ಬಂದರೆ, ಫಾರ್ವರ್ಡ್‌ನಲ್ಲಿ ದಿನಾಂಕ, ಮಂಡಿ, ಎಷ್ಟು ಕೆಜಿಗೆ ಅನ್ನೋ ಮೂರರಲ್ಲಿ ಒಂದು ಇಲ್ಲದಿದ್ದರೂ ಅಳಿಸಿ. ಅಡ್ಮಿನ್ ಯಾರ ಮೆಸೇಜನ್ನಾದರೂ 'ಡಿಲೀಟ್ ಫಾರ್ ಎವ್ರಿಒನ್' ಮಾಡಬಹುದು. ಕೃಷಿ ಮಾರಾಟ ವಾಹಿನಿ, ಆಗ್‌ಮಾರ್ಕ್‌ನೆಟ್ ಅನ್ನೋ ಸರ್ಕಾರಿ ತಾಣಗಳಲ್ಲಿ ರೇಟು ಕ್ವಿಂಟಲ್ ಲೆಕ್ಕ, ನಮ್ಮ ಹರಾಜು 15 ಕೆಜಿ ಬಾಕ್ಸಿನ ಲೆಕ್ಕ. ಕ್ವಿಂಟಲ್ ರೇಟನ್ನು 0.15ರಿಂದ ಗುಣಿಸಿ: 2,000 ಇದ್ದರೆ ಬಾಕ್ಸಿಗೆ 300. ಗರಿಷ್ಠ ರೇಟು ನೋಡಿ ಆಸೆಪಡೋದಕ್ಕಿಂತ ಮೋಡಲ್ ರೇಟು ನೋಡಿ, ಹೆಚ್ಚು ಮಾಲು ಅದರ ಆಸುಪಾಸಿಗೇ ಹೋಗಿರುತ್ತೆ.

ಇನ್ನೊಂದು, ಮಂಡಿ ಚೀಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅಕ್ಷರ ಮಸುಕಾಗುತ್ತೆ, 'ಡಾಕ್ಯುಮೆಂಟ್' ಅಂತ ಕಳಿಸಿ. ಗೂಗಲ್ ಡ್ರೈವ್‌ನಲ್ಲಿ ಇಡುವಾಗ ಹೆಸರು ವರ್ಷ-ತಿಂಗಳು-ದಿನ ಅನ್ನೋ ಕ್ರಮದಲ್ಲಿರಲಿ, ತಾನಾಗೇ ಸಾಲಾಗಿ ನಿಲ್ಲುತ್ತೆ. ಡಿಸಪಿಯರಿಂಗ್ ಮೆಸೇಜ್ (ಮೆಸೇಜು ತಾನಾಗಿ ಅಳಿಸಿಹೋಗೋದು) ಆನ್ ಇದೆಯಾ ಅಂತ ಇವತ್ತೇ ನೋಡಿ, ಇದ್ದರೆ ಹಳೇ ಚೀಟಿಗಳನ್ನು ಮೊದಲು ಡ್ರೈವ್‌ಗೆ ಇಳಿಸಿಕೊಳ್ಳಿ.