ಪ್ರಶಸ್ತಿ ಬಂದ ಮಕ್ಕಳ ಪುಸ್ತಕ: ಯಾವುದು ತರೋದು, ಹೇಗೆ ಓದಿಸೋದು?

ಹೊಸನಗರ–ಸಿಡ್ನಿ: ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂಬತ್ತು. ಮಾತು ಸಲೀಸು, ಓದು ಮಾತ್ರ ಕಾಗುಣಿತಕ್ಕೇ ನಿಂತಿದೆ. ಡಿಸೆಂಬರ್‌ಗೆ ಶಿವಮೊಗ್ಗಕ್ಕೆ ಹೋಗ್ತೀವಿ. ಪ್ರಶಸ್ತಿ ಬಂದ ಪುಸ್ತಕಗಳನ್ನೇ ತಗೊಂಡ್ರೆ ಸಾಕಾ? ದುಃಖದ ಕಥೆ ಈ ವಯಸ್ಸಿಗೆ ಕೊಡಬಹುದಾ?

ಸಾಗರ–ಡಲ್ಲಾಸ್: ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ 2010ರಿಂದ ಇದೆ. ಪಟ್ಟಿ ನೋಡುವಾಗ ಜಾಗ್ರತೆ, ಕೆಲವು ಸಲ ಅದು ಒಂದು ಪುಸ್ತಕಕ್ಕಲ್ಲ, ಲೇಖಕರ ಒಟ್ಟು ಕೆಲಸಕ್ಕೆ ಕೊಟ್ಟಿದ್ದು. 2022ರಲ್ಲಿ ಬಂದಿದ್ದು ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ. ಅದು ಕಾದಂಬರಿ. ತಡವರಿಸೋ ಮಗುವಿನ ಕೈಗೇ ಕೊಟ್ರೆ ಎರಡು ಪುಟಕ್ಕೆ ಮುಚ್ಚಿಡುತ್ತೆ, ನೀವು ಓದಿ ಹೇಳಿ. 2024ರ ‘ಛೂಮಂತ್ರಯ್ಯನ ಕಥೆಗಳು’ (ಕೃಷ್ಣಮೂರ್ತಿ ಬಿಳಿಗೆರೆ) ಬಿಡಿ ಕಥೆ, ಒಂದೊಂದಾಗಿ ಓದಬಹುದು.

ಕೊಪ್ಪ–ಲಂಡನ್: ಮಕ್ಕಳು ಸಿಕ್ಕಿಹಾಕಿಕೊಳ್ಳೋದು ಒತ್ತಕ್ಷರದಲ್ಲಿ. ಕ, ಗ, ಪ ಇವುಗಳ ಒತ್ತು ಅಕ್ಷರವನ್ನೇ ಹೋಲುತ್ತೆ. ತ, ನ, ಮ, ಯ, ರ, ಲ ಹೋಲೋದೇ ಇಲ್ಲ. ಹಾಗಾಗಿ ಮೊದಲು ಅನ್ನ, ಅಮ್ಮ, ಬೆಲ್ಲ, ಹತ್ತು: ಮೇಲಿರೋ ಅಕ್ಷರವೇ ಕೆಳಗಿನ ಒತ್ತು ಯಾವುದು ಅಂತ ಹೇಳಿಕೊಡುತ್ತೆ. ಅದು ಕೂತ ಮೇಲೆ ರಸ್ತೆ, ಚಂದ್ರ. ‘ಸೂರ್ಯ’ದ ಅರ್ಕಾವತ್ತು ಕೊನೆಗಿರಲಿ, ಅಲ್ಲಿ ‘ರ್’ ಬರೆಯೋದು ಆಮೇಲೆ, ಉಚ್ಚರಿಸೋದು ಮೊದಲು. ‘ಮ’ ಮತ್ತು ‘ವು’ ಅದಲುಬದಲಾಗುತ್ತೆ, ಪಕ್ಕಪಕ್ಕ ಬರೆದು ತೋರಿಸಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಪುಕ್ಕಟೆ, ನಾಲ್ಕು ಹಂತ ಇವೆ. ವಯಸ್ಸು ನೋಡಿ ಮೂರನೇದು ತೆಗೀಬೇಡಿ, ಒಂದರಿಂದಲೇ ಹೋಗಿ. ಮೊದಲು ನೀವು ಬೆರಳಿಟ್ಟು ಓದಿ, ಆಮೇಲೆ ಇಬ್ಬರೂ ಸೇರಿ, ಮೂರನೇ ಸಲ ಅವಳೊಬ್ಬಳೇ. ಹತ್ತು ನಿಮಿಷ ಸಾಕು. ನಡುವೆ ಅರ್ಥ ಕೇಳಿ ಪರೀಕ್ಷೆ ಮಾಡಬೇಡಿ.

ತೀರ್ಥಹಳ್ಳಿ–ನ್ಯೂಜೆರ್ಸಿ: ಪ್ರಶಸ್ತಿ ಗಿಶಸ್ತಿ ಬಿಡಿ ಮಾರಾಯ್ರೇ! ‘ಕಿಂದರಿಜೋಗಿ’ ಗಟ್ಟಿಯಾಗಿ ಓದಿ. ಇಂಗ್ಲಿಷ್ ಕವಿ ಬ್ರೌನಿಂಗ್‌ನ ‘ಪೈಡ್ ಪೈಪರ್’ ಪದ್ಯದಲ್ಲಿರೋ ವೇಸರ್ ನದಿಯನ್ನ ಕುವೆಂಪು ತುಂಗೆ ಮಾಡಿದಾರೆ, ಇಲಿಗಳು ಬೀಳೋದು ನಮ್ಮ ಹೊಳೆಗೆ! ಪ್ರಾಸ ನಾಲಿಗೆಗೆ ಹತ್ತಿದ್ರೆ ಅಕ್ಷರ ತಾನಾಗೇ ಬರುತ್ತೆ. ಕುಪ್ಪಳಿ ಮನೆ ತೋರಿಸದೆ ಕನ್ನಡ ಕಲಿಸ್ತೀವಿ ಅನ್ನೋದೆಲ್ಲ ಬೊಗಳೆ. ಇಲ್ಲಿ ಶನಿವಾರ ಬಂದ್ರೆ ಸಾಕರ್, ಪಿಯಾನೊ. ಕನ್ನಡಕ್ಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಕೊಪ್ಪ–ಲಂಡನ್: ತಾನಾಗೇ ಬರಲ್ಲ ಅಣ್ಣ. ಬಾಯಿಪಾಠ ಆಗುತ್ತೆ, ಕಣ್ಣು ಪುಟದ ಮೇಲಿರಲ್ಲ. ನಡುವಿನ ಒಂದು ಸಾಲು ತೋರಿಸಿ ಓದ್ಸಿ ನೋಡಿ, ಗೊತ್ತಾಗುತ್ತೆ.

ತೀರ್ಥಹಳ್ಳಿ–ನ್ಯೂಜೆರ್ಸಿ: ನಮ್ಮ ಅಜ್ಜಿಯರಿಗೆ ಅಕ್ಷರವೇ ಬರ್ತಿರಲಿಲ್ಲ, ಅವರಿಗೇನು ಕನ್ನಡ ಕಮ್ಮಿ ಇತ್ತಾ?

ಸಾಗರ–ಡಲ್ಲಾಸ್: ದುಃಖದ್ದು ಕೇಳಿದ್ರಲ್ಲ ಅಕ್ಕ. ಕಿಂದರಿಜೋಗಿಯಲ್ಲೇ ಮಕ್ಕಳು ಅವನ ಹಿಂದೆ ಹೊರಟುಬಿಡ್ತಾರೆ, ಗೋವಿನ ಹಾಡಲ್ಲಿ ಹುಲಿ ಪ್ರಾಣ ಬಿಡುತ್ತೆ. ಧಾರಾಳವಾಗಿ ಓದಿ, ಕೊನೆ ಮಾತ್ರ ತಿದ್ದಬೇಡಿ. ಮಲಗೋ ಹೊತ್ತಿಗೆ ಬೇಡ, ಸಂಜೆ ಓದಿ. ‘ಹುಲಿ ಯಾಕೆ ಸಾಯಬೇಕಿತ್ತು’ ಅಂತ ಕೇಳಿದ್ರೆ ಕೂತು ಮಾತಾಡೋಕೆ ಹೊತ್ತು ಬೇಕು.

ಹೊಸನಗರ–ಸಿಡ್ನಿ: ತುಂಬಾ ಉಪಕಾರ ಆಯ್ತು. ಬೀಗಾರರ ಪುಸ್ತಕ ಶಿವಮೊಗ್ಗದಲ್ಲಿ ಯಾವ ಅಂಗಡೀಲಿ ಸಿಗುತ್ತೆ?

ಭದ್ರಾವತಿ–ಟೊರಾಂಟೊ: ಪಿಯಾನೊ ಕಲಿತ ಮಕ್ಕಳು ಕನ್ನಡ ಓದಲ್ಲ ಅಂತ ಯಾರು ಹೇಳಿದ್ದು ಸರ್?