ಕ್ಯಾಂಪಾ ನೆಡುತೋಪು: ಹಣ ಖರ್ಚಾದ ಮೇಲೆ ಗಿಡ ಉಳಿದಿದೆಯೇ ಎಂದು ನೋಡುವವರು ಯಾರು?

ಕಾಡಂಚಿನ ರೈತ (ಪ್ರಶ್ನೆ):
ನಮ್ಮ ಊರಿನ ಗುಡ್ಡದಲ್ಲಿ ನಾಲ್ಕು ವರ್ಷಗಳ ಹಿಂದೆ ಪರಿಹಾರಾತ್ಮಕ ಅರಣ್ಯೀಕರಣದ (ಬೇರೆ ಕೆಲಸಕ್ಕೆ ಬಿಟ್ಟುಕೊಟ್ಟ ಕಾಡಿಗೆ ಬದಲಾಗಿ ಗಿಡ ಬೆಳೆಸುವುದು) ಹೆಸರಿನಲ್ಲಿ, ಅದರ ನಿಧಿಯನ್ನು ನೋಡಿಕೊಳ್ಳುವ ಪ್ರಾಧಿಕಾರವಾದ ಕ್ಯಾಂಪಾದ ಹಣದಲ್ಲಿ ಸಸಿ ನೆಡಲಾಯಿತು. ಕಳೆದ ವಾರ ಅಲ್ಲಿ ನಡೆದಾಡಿ ಒಂದು ಸಾಲಿನ ಇಪ್ಪತ್ತು ಗುಂಡಿಗಳನ್ನು ಎಣಿಸಿದೆ. ಬದುಕಿದ್ದದ್ದು ಆರು ಗಿಡ; ಎರಡು ಗುಂಡಿಗಳಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ಸಸಿ ಹೂತಿದ್ದರು, ಉಳಿದವುಗಳನ್ನು ಲಂಟಾನ ಮುಚ್ಚಿತ್ತು. 2019ರ ಆಗಸ್ಟ್‌ನಲ್ಲಿ ಕೇಂದ್ರವು ರಾಜ್ಯಗಳಿಗೆ ಈ ನಿಧಿಯ 47,436 ಕೋಟಿ ರೂಪಾಯಿ ವರ್ಗಾಯಿಸಿದಾಗ ಕರ್ನಾಟಕಕ್ಕೂ ಸುಮಾರು 1,350 ಕೋಟಿ ಬಂದಿತ್ತು. ಇಷ್ಟು ಹಣವಿದ್ದೂ ಹೀಗೇಕೆ? ಊರಿನವರಾಗಿ ನಾವು ಏನನ್ನು ಕೇಳಬಹುದು?

ಲೆಕ್ಕಪತ್ರ ವಿಭಾಗದ ನಿವೃತ್ತ ನೌಕರ:
ಇದು ಬಜೆಟ್ಟಿನ ಅನುದಾನವಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಗಣಿ, ಹೆದ್ದಾರಿ, ಜಲಾಶಯಗಳಿಗಾಗಿ ಅರಣ್ಯಭೂಮಿ ಪಡೆದವರು ಕಟ್ಟಿದ ಹಣವಿದು. ಕಾಡಿನ ರಕ್ಷಣೆ ಕುರಿತ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಪ್ರತ್ಯೇಕ ನಿಧಿಗೆ ಆದೇಶಿಸಿದರೂ ಕಾಯ್ದೆ ಬಂದದ್ದು 2016ರಲ್ಲಿ, ನಿಯಮಗಳು 2018ರಲ್ಲಿ. ಅಲ್ಲಿಯವರೆಗೆ ಹಣದ ಬಹುಪಾಲು ಬ್ಯಾಂಕಿನಲ್ಲೇ ಬೆಳೆಯುತ್ತಿತ್ತು. ಈಗ ಶೇ 90 ರಾಜ್ಯಕ್ಕೆ, ಶೇ 10 ಕೇಂದ್ರಕ್ಕೆ. 2030ರೊಳಗೆ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಮರಗಳ ಮೂಲಕ ಹೆಚ್ಚುವರಿಯಾಗಿ ಹೀರಿಸುವುದಾಗಿ ಪ್ಯಾರಿಸ್ ಒಪ್ಪಂದದಡಿ ದೇಶ ಕೊಟ್ಟ ಮಾತಿಗೂ ಇಂತಹ ನೆಡುತೋಪುಗಳೇ ಆಧಾರ.

ಹೀಗಾಗಿ ಕೊರತೆ ಹಣದ್ದಲ್ಲ. ಸರ್ಕಾರಿ ಲೆಕ್ಕ ಪರಿಶೋಧಿಸುವ ಸಿಎಜಿಯ 2013ರ ವರದಿಯಂತೆ, 2006ರಿಂದ 2012ರ ಅವಧಿಯಲ್ಲಿ ಬಿಟ್ಟುಕೊಟ್ಟ ಕಾಡಿಗೆ ಬದಲಾಗಿ ಅರಣ್ಯ ಇಲಾಖೆಗಳಿಗೆ ಬರಬೇಕಿದ್ದ 1,03,381 ಹೆಕ್ಟೇರ್ ಅರಣ್ಯೇತರ ಭೂಮಿಯಲ್ಲಿ ಬಂದದ್ದು 28,086 ಹೆಕ್ಟೇರ್, ಅದರಲ್ಲಿ ಸಸಿ ಕಂಡದ್ದು ಬರೀ 7,280 ಹೆಕ್ಟೇರ್. ನಮ್ಮ ಲೆಕ್ಕಪುಸ್ತಕದಲ್ಲಿ ಖರ್ಚಿಗೊಂದು ಕಾಲಂ ಇತ್ತು, ಗುಂಡಿಗಳ ಸಂಖ್ಯೆಗೊಂದು ಕಾಲಂ ಇತ್ತು. ಐದನೇ ವರ್ಷ ನಿಂತಿರುವ ಮರಗಳಿಗೆ ಕಾಲಂ ಇರಲಿಲ್ಲ. ಸೇವೆಯಲ್ಲಿದ್ದಷ್ಟು ಕಾಲವೂ ನನ್ನನ್ನು ಕಾಡಿದ್ದು ಇದೇ.

ಹಳೆಯ ಅರಣ್ಯ ವಾಚರ್:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ತಪ್ಪೆಲ್ಲವನ್ನೂ ಗುಂಡಿ ತೋಡಿದವರ ಮೇಲೆ ಹಾಕಬೇಡಿ. ಗುಂಡಿ ಬೇಸಿಗೆಯಲ್ಲೇ ಸಿದ್ಧವಾಗಬೇಕು, ಜೂನ್‌ನ ಮೊದಲ ಮಳೆಗೆ ಸಸಿ ನೆಲಕ್ಕಿಳಿಯಬೇಕು. ವಾರ್ಷಿಕ ಕ್ರಿಯಾ ಯೋಜನೆ ರಾಜ್ಯದ ಸಮಿತಿಯಿಂದ ರಾಷ್ಟ್ರೀಯ ಪ್ರಾಧಿಕಾರಕ್ಕೆ ಹೋಗಿ ಮಂಜೂರಾತಿ ಪಡೆದು ಹಣ ಕೆಳಗಿಳಿಯುವಷ್ಟರಲ್ಲಿ ಮಳೆ ಹಿಡಿದುಬಿಟ್ಟರೆ ಆ ವರ್ಷದ ಕೆಲಸ ಅವಸರದ್ದಾಗುತ್ತದೆ. ಚೀಲ ಬಿಚ್ಚದೆ ಹೂಳುವುದು ಇಂತಹ ದಿನಗಳಲ್ಲೇ. ನೆಟ್ಟ ಮೇಲೆ ಕಳೆ ಕೀಳಬೇಕು, ಸತ್ತ ಸಸಿಯ ಜಾಗಕ್ಕೆ ಮರುನಾಟಿ ಮಾಡಬೇಕು, ಫೆಬ್ರವರಿಯೊಳಗೆ ಬೆಂಕಿ ರೇಖೆ (ಬೆಂಕಿ ಹರಡದಂತೆ ಒಣಹುಲ್ಲು ತೆಗೆದ ಪಟ್ಟಿ) ಎಳೆಯಬೇಕು. ನಾನು ಕಾದ ತೋಪೊಂದರಲ್ಲಿ ಮೂರನೇ ವರ್ಷದ ನಿರ್ವಹಣಾ ಹಣ ಬಾರದೆ ಬೆಂಕಿ ರೇಖೆ ಆಗಲಿಲ್ಲ. ಮಾರ್ಚ್‌ನ ಒಂದೇ ಮಧ್ಯಾಹ್ನ ಹೊನ್ನೆ, ನೆಲ್ಲಿ, ನೇರಳೆ ಎಲ್ಲವೂ ಸುಟ್ಟುಹೋದವು.

ಗ್ರಾಮ ಅರಣ್ಯ ಸಮಿತಿ ಸದಸ್ಯೆ:
ಮಾಹಿತಿ ಹಕ್ಕಿನಡಿ ನಿಮ್ಮ ತೋಪಿನ ನೆಡುತೋಪು ಜರ್ನಲ್ (ನಾಟಿ, ನಿರ್ವಹಣೆಯ ದಾಖಲೆ ಪುಸ್ತಕ), ವರ್ಷವಾರು ನಿರ್ವಹಣಾ ವೆಚ್ಚ, ಬದುಕುಳಿದ ಸಸಿಗಳ ಗಣತಿಯ ಪ್ರತಿ ಕೇಳಿ. ಇಂತಹ ತೋಪುಗಳನ್ನು ದಾಖಲಿಸುವ ಇ-ಗ್ರೀನ್ ವಾಚ್ ಜಾಲತಾಣದಲ್ಲಿ ತೋಪಿನ ಗಡಿ ದಾಖಲಾಗಿದೆಯೇ ನೋಡಿ. 2018ರ ನಿಯಮಗಳು ಗ್ರಾಮಸಭೆ ಅಥವಾ ಅರಣ್ಯ ಸಮಿತಿಯೊಂದಿಗೆ ಸಮಾಲೋಚಿಸಬೇಕೆನ್ನುತ್ತವೆ. ಆದ್ದರಿಂದ ಸಭೆಯ ನಡಾವಳಿಯನ್ನೂ ಬಿಡದೆ ಕೇಳಿ.

ಕಾಡಂಚಿನ ರೈತ:
ಧನ್ಯವಾದಗಳು. ಒಂದು ಸಾಲಿನ ಎಣಿಕೆ ಸಾಲದು. ಊರಿನ ನಾಲ್ವರೊಂದಿಗೆ ಇಡೀ ತೋಪನ್ನು ಎಣಿಸಿ, ಅದನ್ನು ಜರ್ನಲ್‌ನ ಲೆಕ್ಕದ ಪಕ್ಕದಲ್ಲಿಟ್ಟು ಇಲ್ಲಿಯೇ ಬರೆಯುತ್ತೇನೆ.